ಬೆಂಕಿ ಕಂಡ ರಾಗಿ

ಈಗಲೇ ಹಿತ್ತಲಿಗೆ ಹೋಗಿ ಹೇಳಿದರೆ ಒಂದು ಮಾತಿನಲ್ಲಿ ಮುಗಿಯುತ್ತದೆ. ಆದರೆ ಹೇಳಿದ ಮೇಲೆ ಮುಂದಿನದನ್ನು ತಡೆಯುವವರು ಯಾರು? ಹೇಳದೆ ಇದ್ದರೂ ಏನಾಯಿತು, ಬೆಂಗಳೂರಿನವರು ಓದಿದವರು, ಅವರೇ ಹೇಳಿಕೊಟ್ಟಾರು. ಹೇಳಿಕೊಡದೆಯೂ ಇದ್ದಾರು. ಗೋಣೆಪ್ಪ ಯಾರದೋ ಜೋಳವನ್ನು ಗಿರಣಿಯ ಬಾಯಿಗೆ ಸುರಿಯುತ್ತ ಹೀಗೆ ಅಂದುಕೊಳ್ಳುತ್ತಿದ್ದಾಗ ಹಿತ್ತಲಿನಿಂದ ರಾಗಿ ಹುರಿಯುವ ವಾಸನೆ ಬಂತು. ಸೊಸೆ ಬಾಂಡ್ಲಿ ಇಟ್ಟಾಗಿತ್ತು. ಹೇಳುವ ಹೊತ್ತು ಅರ್ಧ ಕಳೆದುಹೋಗಿತ್ತು.

ಅವನು ಉಳಿದ ಜೋಳವನ್ನೂ ಸುರಿದ.

ಇದು ಶುರುವಾದದ್ದು ಐದು ದಿನದ ಹಿಂದೆ, ಸಂಕ್ರಾಂತಿ ಕಳೆದ ವಾರ. ಜಗಳೂರಿನ ಹಳೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಗೋಣೆಪ್ಪನ ಹಿಟ್ಟಿನ ಗಿರಣಿ. ಮುಂದೆ ಗಿರಣಿ, ಹಿಂದೆ ಮನೆ, ಅದರ ಹಿಂದೆ ಹಿತ್ತಲು. ಒಂದು ಕಾಲಕ್ಕೆ ಬೆಳಿಗ್ಗೆಯಿಂದ ಸಂಜೆವರೆಗೆ ಬೆಲ್ಟು ನಿಲ್ಲುತ್ತಿರಲಿಲ್ಲ. ಅಂಗಡಿಗಳಿಗೆ ಪ್ಯಾಕೆಟ್ ಹಿಟ್ಟು ಬಂದ ಮೇಲೆ ಎರಡು ತಾಸಿಗೆ ಕೆಲಸ ಮುಗಿಯುತ್ತಿತ್ತು. ಆ ಖಾಲಿ ಹೊತ್ತಿನಲ್ಲಿ ಸೊಸೆ ಅರುಣಾ ಮಕ್ಕಳ ಮಾಲ್ಟ್ ಮಾಡಲು ಶುರುಮಾಡಿದ್ದಳು. ರಾಗಿ ತೊಳೆದು ನೆನೆಹಾಕಿ, ಹಳೆಯ ಪಂಚೆಯಲ್ಲಿ ಗಂಟು ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಘಮ ಬರುವವರೆಗೆ ಹುರಿದು, ಬೀಸಿ, ಅರ್ಧ ಕೇಜಿಯ ಪ್ಯಾಕೆಟ್ ಮಾಡುವುದು. ಪ್ಯಾಕೆಟ್ಟಿನ ಮೇಲೆ ಅಜ್ಜಿಯ ಹೆಸರು: ಉಚ್ಚಂಗೆಮ್ಮ ರಾಗಿ ಮಾಲ್ಟ್.

ಹೆಸರು ಸುಮ್ಮನೆ ಇಟ್ಟದ್ದಲ್ಲ. ಗೋಣೆಪ್ಪನ ತಾಯಿ ಉಚ್ಚಂಗೆಮ್ಮನಿಗೆ ಎಂಬತ್ತೈದು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ರಾಗಿಯ ಗಂಟು ಅವಳ ಮಂಚದ ಕೆಳಗೇ ಇರುತ್ತಿತ್ತು. ಬೆಳಗಿನ ಜಾವ ಅವಳು ಕೈ ಇಳಿಬಿಟ್ಟು ಗಂಟು ಮುಟ್ಟಿ ನೋಡಿ, "ಬೆಚ್ಚಗಾಗೈತೆ, ಬಿಚ್ಚೇ" ಅಂದರೆ ಬಿಚ್ಚಬೇಕು. "ಇನ್ನೂ ತಣ್ಣಗೈತೆ" ಅಂದರೆ ಬಿಡಬೇಕು. ಆ ಕೈ ಒಮ್ಮೆಯೂ ತಪ್ಪಿರಲಿಲ್ಲ.

ದಾವಣಗೆರೆಯ ಕಾಳುಕಡಿ ಏಜೆಂಟ್ ಗುರುಬಸವರಾಜನ ತಂಗಿಯ ಮಗು ಇದೇ ಮಾಲ್ಟ್ ಕುಡಿದು ಬೆಳೆದಿತ್ತು. ಆ ಪರಿಚಯದ ಮೇಲೆ ಅವನು ಬೈಕಿನಲ್ಲಿ ಬಂದು, ಗಿರಣಿಯ ಮುಂದೆ ಚೀಲದ ಮೇಲೆ ಕೂತು, ಚಹಾ ಕುಡಿಯುತ್ತ ಸುದ್ದಿ ಹೇಳಿದ್ದ.

"ಬೆಂಗಳೂರಿನ ಕಂಪನಿ ರೀ ಅಣ್ಣ. ಅಲ್ಲೇ ಏಳೆಂಟು ಕಡೆ ನಡೆಸ್ತಾರೆ. ಈಗ ದಾವಣಗೆರೆಗೂ ಬರಬೇಕಂತ ಜಾಗ ನೋಡ್ಯಾರೆ."

"ಏನು, ಹೋಟ್ಲಾ?" ಎಂದ ಗೋಣೆಪ್ಪ.

"ಹೋಟ್ಲೇ ಅನ್ಕಳ್ರಿ. ಊಟಾನೂ ಇರ್ತೈತೆ. ಬೀರು ಮಾತ್ರ ಹೊರಗಿಂದ ತರ್ಸಲ್ಲ, ದೊಡ್ಡ ದೊಡ್ಡ ಹಂಡೇಲಿ ಅಲ್ಲೇ ಮಾಡಿ ಅಲ್ಲೇ ಕೊಡ್ತಾರೆ. ಗಾಜಿನಾಚೆ ಕಾಣ್ತಿರ್ತೈತೆ."

ಬಾಗಿಲಲ್ಲಿ ನಿಂತಿದ್ದ ಗೋಣೆಪ್ಪನ ಹೆಂಡತಿ ಅಂಜಿನಮ್ಮ ಲೋಟ ತೆಗೆದುಕೊಂಡಳು. "ಹಂಗಾದ್ರೆ ಹೆಂಡದಂಗಡಿ ಅನ್ನಪ್ಪ. ಹೋಟ್ಲು ಅಂತ ಯಾಕೆ ಸುತ್ತಿ ಹೇಳ್ತೀಯ?"

"ಹಂಗಲ್ಲಮ್ಮ, ಫ್ಯಾಮಿಲಿ ಎಲ್ಲ ಬರ್ತಾರೆ."

"ಫ್ಯಾಮಿಲಿ ಬಂದ್ರೆ ಫ್ಯಾಮಿಲಿ ಹೆಂಡದಂಗಡಿ."

ಅವನು ನಕ್ಕು ಅರುಣಾಳ ಕಡೆ ತಿರುಗಿದ. ಲೈಸೆನ್ಸ್ ಆದರೆ ಯುಗಾದಿ ಕಳೆದು ಶುರು, ಆಗದಿದ್ದರೆ ಬೆಂಗಳೂರಿಗೇ ಬೇಕಾಗುತ್ತದೆ. ಈ ಕಡೆಯ ರಾಗಿಯದೇ ಒಂದು ಬೀರು ಮಾಡುತ್ತಾರಂತೆ. ಮೊಳಕೆ ಬಂದು ಒಣಗಿದ ರಾಗಿ ವಾರಕ್ಕೆ ಎರಡು ಕ್ವಿಂಟಲ್ ಬೇಕು. ಬೀಸುವುದೂ ಬೇಡ, ಕಾಳೇ ಸಾಕು. ಮೊದಲು ಐದು ಕೇಜಿ ಕೊಟ್ಟರೆ ಪರೀಕ್ಷೆ ಮಾಡಿ ನೋಡುತ್ತಾರೆ.

ಅರುಣಾ ಓಣಿಯಲ್ಲಿ ನಿಂತಿದ್ದ ಗೂಡ್ಸ್ ಗಾಡಿಯನ್ನು ನೋಡಿದಳು. ಅದು ಗಂಡ ಓಂಕಾರನ ಗಾಡಿ. ವಾರದಲ್ಲಿ ನಾಲ್ಕು ದಿನ ಹಾಗೆಯೇ ನಿಂತಿರುತ್ತಿತ್ತು. ಅದನ್ನು ಮಾರಿ, ತಮಿಳುನಾಡಿನ ನಾಮಕ್ಕಲ್ಲಿಗೆ ಮೆಕ್ಕೆಜೋಳ ಒಯ್ಯುವ ಲಾರಿಗೆ ಡ್ರೈವರಾಗಿ ಹೋಗುತ್ತೇನೆ ಎಂದು ಅವನು ದೀಪಾವಳಿಯಿಂದ ಹೇಳುತ್ತಿದ್ದ. ಮದುವೆಗೆ ಮೊದಲು ಅವನು ಕುಡಿಯಲು ಕಲಿತದ್ದು ಆ ಲಾರಿಗಳಲ್ಲೇ.

"ವಾರಕ್ಕೆ ಎರಡು ಸಲ ದಾವಣಗೆರೆಗೆ ನಮ್ಮ ಗಾಡೀಲೇ ತಂದು ಕೊಡ್ಬಹುದಾ ಅಣ್ಣ?" ಎಂದು ಅವಳು ಕೇಳಿದಳು.

"ಓ, ಅದೇ ಒಳ್ಳೇದು. ಬಾಡಿಗೇನೂ ಅವರೇ ಕೊಡ್ತಾರೆ."

ಆ ಸಂಜೆ ಊಟಕ್ಕೆ ಮುದ್ದೆ, ಹುರುಳಿಕಾಳಿನ ಸಾರು. ಅಂಜಿನಮ್ಮ ಗಂಡನ ತಟ್ಟೆಗೆ ಮುದ್ದೆ ಹಾಕಿದ ರಭಸಕ್ಕೆ ಸಾರು ಚೆಲ್ಲಿತು.

"ಗಂಡ ಕುಡಿದು ಬಂದಾಗ ತವರಿಗೆ ಹೋಗಿ ಮೂರು ತಿಂಗಳು ಕೂತೋಳು, ಈಗ ಕುಡಿಯೋರಿಗೆ ಮಾಲು ಕಳ್ಸಾಕೆ ನಿಂತಾಳೆ."

ಓಂಕಾರನ ಕೈ ತಟ್ಟೆಯಲ್ಲೇ ನಿಂತಿತು. ಬಿಳಿಚೋಡಿನ ತಿರುವಿನಲ್ಲಿ ಅವನು ಗಾಡಿಯನ್ನು ಹಳ್ಳಕ್ಕೆ ಇಳಿಸಿ ಹದಿನಾಲ್ಕು ತಿಂಗಳಾಗಿತ್ತು. ಅಂದಿನಿಂದ ಕುಡಿದಿರಲಿಲ್ಲ. ಕುಡಿದಿಲ್ಲ ಎಂದು ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಿಯೂ ಇರಲಿಲ್ಲ. ಆ ಮಾತು ತಟ್ಟೆಯ ಮುಂದೆ ಬಂದದ್ದು ಅದೇ ಮೊದಲು.

"ಹೌದತ್ತೆ, ಹೋಗಿದ್ದೆ. ವಾಪಸ್ ಬಂದೋಳೂ ನಾನೇ," ಎಂದಳು ಅರುಣಾ. "ಇವರು ಲಾರಿಗೆ ಹೋಗೋದು ಬ್ಯಾಡ ಅಂತಾನೇ ಇದನ್ನ ಮಾಡ್ತೀನಿ ಅಂತಿರೋದು. ಲಾರೀಲಿ ಏನು ಹಾಲು ಕುಡಿಸ್ತಾರಾ? ಇದಾದ್ರೆ ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೇಲಿರ್ತಾರೆ."

"ಬೆಳಿಗ್ಗೆ ಹೋಗೋದೆಲ್ಲಿಗೆ? ಆ ಹಂಡೆ ಬಾಗ್ಲಿಗೆ."

"ಹಂಡೆ ಬಾಗ್ಲಿಗೆ ಹೋದೋರೆಲ್ಲ ಹಂಡೆಗೆ ಬೀಳಲ್ಲ ಅತ್ತೆ."

"ಅವ್ವ, ನಾನು ಇಲ್ಲೇ ಕೂತೀನಿ," ಎಂದ ಓಂಕಾರ. "ನಾನು ಇಲ್ದಂಗೆ ನನ್ ಬಗ್ಗೆ ಮಾತಾಡ್ಬ್ಯಾಡ."

"ನಿನ್ ಬಗ್ಗೆ ಯಾರಪ್ಪ ಮಾತಾಡಿದ್ರು? ಪ್ಯಾಕೆಟ್ ಮೇಲೆ ನಮ್ಮತ್ತೆ ಹೆಸರೈತೆ. ನಾಳೆ ಉಚ್ಚಂಗೆಮ್ಮ ಬೀರು ಅಂತ ಬೋರ್ಡ್ ಹಾಕ್ತಾರೆ, ನೋಡ್ತಿರು."

ಮಂಚದ ಮೇಲಿಂದ ಮುದುಕಿ ಅಂದಳು: "ಹಾಕ್ಲಿ ಬಿಡೇ. ಇಷ್ಟು ವರ್ಷ ಬದುಕಿದ್ರೂ ನನ್ ಹೆಸರು ಯಾರೂ ಬೋರ್ಡಿಗೆ ಹಾಕಿಲ್ಲ."

ಓಂಕಾರ ನಕ್ಕ. ಅವನ ಮಡಿಲಲ್ಲಿದ್ದ ನಾಲ್ಕು ವರ್ಷದ ಮಗಳೂ ಏಕೆಂದು ತಿಳಿಯದೆ ನಕ್ಕಳು. ಆಮೇಲೆ ಎಲ್ಲರೂ ಗೋಣೆಪ್ಪನ ಮುಖ ನೋಡಿದರು. ಅವನು ಮುದ್ದೆ ಮುರಿದು ಸಾರಿನಲ್ಲಿ ಅದ್ದಿದ.

"ಮಾಡ್ಲಿ ಬಿಡು," ಎಂದ. "ಆಕೆ ಮಾಡೋ ರಾಗಿ. ಕುಡಿಯೋರು ಕುಡೀಲಿ, ಬಿಡೋರು ಬಿಡ್ಲಿ."

ಅರುಣಾ ಅವನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಸಾರು ಹಾಕಿದಳು. ಅಂಜಿನಮ್ಮ ಅಂದಿನಿಂದ ಸೊಸೆಯ ಜೊತೆ ನೇರವಾಗಿ ಮಾತಾಡಲಿಲ್ಲ. ಹೇಳಬೇಕಾದ್ದನ್ನೆಲ್ಲ ಮೊಮ್ಮಗಳಿಗೆ ಹೇಳಿದಳು. "ನಿಮ್ಮವ್ವಗೆ ಹೇಳು ಪುಟ್ಟಿ, ಹಾಲು ಉಕ್ಕಾಕೆ ಬಂತು ಅಂತ."

ಐದನೆಯ ದಿನ ಬಾಂಡ್ಲಿ ಒಲೆಗೇರಿತು.

ಗೋಣೆಪ್ಪನಿಗೆ ಗೊತ್ತಿದ್ದದ್ದು ಇಷ್ಟು. ಅವನು ಹುಡುಗನಾಗಿದ್ದಾಗ, ಬಿಳಿಚೋಡಿನ ಮನೆಯಲ್ಲಿ ಅವನ ತಾಯಿ ವರ್ಷಕ್ಕೊಮ್ಮೆ ಮನೆದೇವರ ಎಡೆಗೆಂದು ರಾಗಿಯ ಹೆಂಡ ಹಾಕುತ್ತಿದ್ದಳು. ಮೊಳಕೆ ಬಂದ ರಾಗಿಯನ್ನು ಬಂಡೆಯ ಮೇಲೆ ಹರವಿ ಬಿಸಿಲಿಗೆ ಒಣಗಿಸುತ್ತಿದ್ದಳೇ ಹೊರತು ಒಲೆಯ ಹತ್ತಿರ ಒಯ್ಯುತ್ತಿರಲಿಲ್ಲ. ಆ ರಾಗಿ ಬೆಂಕಿ ಕಂಡರೆ ಹೆಂಡ ಏಳುವುದಿಲ್ಲ. ಎಷ್ಟು ದಿನ ಮುಚ್ಚಿಟ್ಟರೂ ಗಂಜಿ ಗಂಜಿಯಾಗಿಯೇ ಉಳಿಯುತ್ತದೆ. ವರ್ಷಕ್ಕೊಮ್ಮೆ ಹಾಕುತ್ತಿದ್ದ ಹೆಂಡ ತಿಂಗಳಿಗೊಮ್ಮೆಯಾಯಿತು, ಆಮೇಲೆ ವಾರಕ್ಕೊಮ್ಮೆ. ಕುಡಿಯುವವರು ಮನೆ ಹುಡುಕಿಕೊಂಡು ಬಂದರು. ಅಪ್ಪನಿಗೆ ಹುಡುಕುವ ಕಷ್ಟವೂ ಇರಲಿಲ್ಲ. ನಲವತ್ತು ತುಂಬುವ ಮೊದಲೇ ಹೊಟ್ಟೆ ಊದಿಕೊಂಡು ಸತ್ತ. ಜಗಳೂರಿಗೆ ಬಂದ ಮೇಲೆ ತಾಯಿ ಮಗ ಇಬ್ಬರೂ ಅದರ ಮಾತೆತ್ತಲಿಲ್ಲ. ಅಂಜಿನಮ್ಮನಿಗೂ ಅದು ಗೊತ್ತಿರಲಿಲ್ಲ.

ಮಕ್ಕಳ ಮಾಲ್ಟಿಗೆ ಮಾತ್ರ ಹುರಿಯಲೇಬೇಕು. ಹುರಿಯದಿದ್ದರೆ ಹಸಿ ವಾಸನೆ ಹೋಗುವುದಿಲ್ಲ, ಮಗುವಿಗೆ ಹೊಟ್ಟೆ ಕೆಡುತ್ತದೆ. ಹುರಿಯದ ರಾಗಿಯನ್ನು ಪರಊರಿಗೆ ಕಳಿಸುವುದೆಂದರೆ ಅರುಣಾಳಿಗೆ, ಬೀಗರಿಗೆ ಅರ್ಧ ಬೆಂದ ಅನ್ನ ಬಡಿಸಿದಂತೆ. ಏಜೆಂಟನೂ ಒಣಗಿಸಿದ ರಾಗಿ ಎಂದನೇ ಹೊರತು ಹುರಿಯಬೇಡಿ ಎನ್ನಲಿಲ್ಲ. ಅವನಿಗೂ ಗೊತ್ತಿರಲಿಲ್ಲ.

ಬೆಲ್ಟು ನಿಂತ ಮೇಲೆ ಗೋಣೆಪ್ಪ ಹಿತ್ತಲಿಗೆ ಹೋದ. ಅರುಣಾ ಸೆರಗಿನಿಂದ ಮುಖ ಒರೆಸಿಕೊಂಡು ಒಂದು ಹಿಡಿ ರಾಗಿಯನ್ನು ಅವನ ಅಂಗೈಗೆ ಹಾಕಿದಳು.

"ನೋಡ್ರಿ ಮಾವ, ಹೆಂಗೈತೆ?"

ಅವನು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡ. ಹದವಾಗಿ ಹುರಿದಿತ್ತು. ಒಂದು ಕಾಳೂ ಸೀದಿರಲಿಲ್ಲ.

"ಚೆನ್ನಾಗೈತೆ," ಎಂದ.

ಹತ್ತು ದಿನಕ್ಕೆ ಫೋನು ಬಂತು. ಅರುಣಾ ಸ್ಪೀಕರಿಗೆ ಹಾಕಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ಅವಳ ಕೈಯಲ್ಲಿ ರೊಟ್ಟಿ ಹಿಟ್ಟಿತ್ತು.

"ವಾಸನೆ ಭಾಳ ಚೆನ್ನಾಗೈತೆ ಅಂದ್ರು ಅಕ್ಕ," ಎಂದ ಗುರುಬಸವರಾಜ್. "ಆದ್ರೆ ಕೆಲಸ ಮಾಡ್ತಿಲ್ವಂತೆ. ಹಂಡೇಲಿ ಹಾಕಿದ್ರೆ ಸಕ್ಕರೆ ಬಿಡ್ತಿಲ್ಲಂತೆ."

"ಹಂಗಂದ್ರೇನಣ್ಣ?"

"ನಂಗೂ ಪೂರ್ತಿ ಗೊತ್ತಾಗ್ಲಿಲ್ಲ. ಶಕ್ತಿ ಸಾಲ್ದು ಅಂದ್ರು. ಮೊಳಕೆ ಬಲ್ತಿಲ್ಲ ಅನ್ಸುತ್ತೆ. ಇನ್ನೊಂದು ದಿನ ಜಾಸ್ತಿ ಬಿಟ್ಟು, ಇನ್ನೊಂದು ಹತ್ತು ಕೇಜಿ ಮಾಡಿಕೊಡ್ರಿ. ನಾನು ಹೇಳಿ ಟೈಮ್ ತಗಂಡೀನಿ."

ಫೋನು ನಿಂತ ಮೇಲೆ ಅರುಣಾ ರೊಟ್ಟಿ ತಟ್ಟುವುದನ್ನು ಬಿಟ್ಟು ನಿಂತಳು. "ಮೊಳಕೆ ಸರಿಯಾಗೇ ಬಂದಿತ್ತಲ್ಲ ಮಾವ? ಅಜ್ಜಿ ಮುಟ್ಟಿ ನೋಡೇ ಬಿಚ್ಚಿದ್ದು."

"ಚಳಿ," ಎಂದ ಗೋಣೆಪ್ಪ. "ಈ ತಿಂಗಳು ಹಂಗೇ. ಮೊಳಕೆ ಬಂದಂಗೆ ಕಾಣ್ತೈತೆ, ಒಳಗೆ ಬಲ್ತಿರಲ್ಲ."

ಹೇಳದೆ ಉಳಿಯುವುದಕ್ಕೂ ಬೇರೊಂದನ್ನು ಹೇಳುವುದಕ್ಕೂ ನಡುವೆ ಒಂದು ಗೆರೆ ಇರುತ್ತದೆ. ಅವನು ಅದನ್ನು ದಾಟಿದ್ದು ಹೀಗೆ, ಕಟ್ಟೆಯ ಮೇಲಿದ್ದ ಬಿಸಿ ರೊಟ್ಟಿಯ ಅಂಚು ಮುರಿಯುತ್ತ.

ಎರಡನೆಯ ಸಲ ಅರುಣಾ ಹೊಸ ರಾಗಿ ತರಿಸಿದಳು. ಓಂಕಾರ ಕತ್ತಲಗೆರೆಯವರೆಗೂ ಗಾಡಿ ಓಡಿಸಿ, ಒಬ್ಬ ರೈತನ ಕಣದಿಂದಲೇ ಒಳ್ಳೆಯ ಕಾಳು ತಂದ. ಗಂಟಿನ ಮೇಲೆ ಅವಳು ತನ್ನ ಕಂಬಳಿಯನ್ನೇ ಹೊದಿಸಿದಳು. ಗಂಡ ಹೆಂಡತಿ ಮೂರು ದಿನ ಒಂದೇ ಕಂಬಳಿಯಲ್ಲಿ ಮಲಗಿದರು. ಅಂಜಿನಮ್ಮ ಕೂಡ ಸ್ವಲ್ಪ ಮೆತ್ತಗಾದಳು. "ನಾನು ಬ್ಯಾಡ ಅಂದಿದ್ದು ಬೇರೆ," ಎಂದಳು ಗಂಡನಿಗೆ. "ಆದ್ರೆ ನಮ್ಮನೆ ಮಾಲು ಸರಿಯಿಲ್ಲ ಅನ್ನಾಕೆ ಅವರ್ಯಾರು?" ಎಂದು ಕಟ್ಟಿಗೆ ಸೀಳಿ ತಂದು ಒಲೆಯ ಪಕ್ಕ ಹಾಕಿದಳು.

ಹುರಿಯುವ ದಿನ ಉಚ್ಚಂಗೆಮ್ಮ ಹಿತ್ತಲಿನ ಬಾಗಿಲಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದಳು. ಗೋಣೆಪ್ಪ ಅವಳ ಪಕ್ಕದಲ್ಲಿ ಜರಡಿ ಹಿಡಿದಿದ್ದ. ಬಾಂಡ್ಲಿಯಿಂದ ಘಮ ಏಳುತ್ತಿದ್ದಂತೆ ಮುದುಕಿ ಮೂಗು ಎತ್ತಿದಳು.

"ಯಾಕೇ ಹುರೀತೀಯ? ಅದಕ್ಕಾದ್ರೆ ಹುರೀಬಾರದು."

"ಏನಜ್ಜಿ?" ಎಂದಳು ಅರುಣಾ, ಸೌಟು ಆಡಿಸುತ್ತ.

"ಬೆಂಕಿ ಕಂಡ್ರೆ ಅದು ಏಳಲ್ಲ ಕಣೇ. ಮಲಗಿಬಿಡ್ತೈತೆ."

ಅರುಣಾ ಮಾವನ ಕಡೆ ನೋಡಿದಳು. "ಅಜ್ಜಿ ಏನು ಹೇಳ್ತೈತೆ ಮಾವ?"

ಗೋಣೆಪ್ಪ ಜರಡಿಯನ್ನು ಒಮ್ಮೆ ಕುಲುಕಿದ. "ಬಿತ್ತನೆ ಮಾತು. ಬಿತ್ತನೆ ಕಾಳು ಹುರಿದ್ರೆ ಹುಟ್ಟಲ್ಲ ಅಂತಾಳೆ."

"ಇದು ಬಿತ್ತಾಕಲ್ಲಜ್ಜಿ, ಕುಡಿಯಾಕೆ," ಎಂದು ಅರುಣಾ ಗಟ್ಟಿಯಾಗಿ ಹೇಳಿ ನಕ್ಕಳು.

ಮುದುಕಿ ಮಗನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. "ಹೂಂ," ಎಂದಳು ಆಮೇಲೆ. "ಬಿತ್ತನೆದೇ."

ಮರುದಿನ ಬೆಳಿಗ್ಗೆ ಗೋಣೆಪ್ಪ ತಾಯಿಗೆ ಮುಖ ತೊಳೆಯಲು ಬಿಸಿನೀರು ತಂದಿಟ್ಟಾಗ ಅವಳು ಅವನ ಮಣಿಕಟ್ಟು ಹಿಡಿದಳು.

"ಗೋಣ್ಯಾ. ಹೇಳ್ಬಿಡೋ ಆ ಹುಡುಗಿಗೆ."

"ಏನು ಹೇಳ್ಲಿ?"

"ನಿಮ್ಮಪ್ಪಂಗೆ ಹಾಕಿಕೊಟ್ಟೋಳು ನಾನು. ಅದು ನನ್ ಪಾಪ. ಆಕೆ ತಲೆಗೆ ಯಾಕೆ ಕಟ್ತೀಯ?"

"ಅವಳ ತಲೆಗಲ್ಲವ್ವ." ಅವನು ದನಿ ತಗ್ಗಿಸಿದ. "ಓಂಕಾರಂಗೆ. ವಾರಕ್ಕೆ ಎರಡು ಸಲ ಆ ವಾಸನೆ ಹತ್ರ ಹೋಗಿ ನಿಂತ್ರೆ?"

"ಆಕೆ ಅವನ್ನ ನಂಬ್ಯಾಳೆ."

"ನೀನೂ ಅಪ್ಪನ್ನ ನಂಬಿದ್ದೆ."

ಉಚ್ಚಂಗೆಮ್ಮ ಕೈ ಬಿಟ್ಟಳು. ಮುಖ ತೊಳೆದುಕೊಂಡು, ಸೆರಗಿನಲ್ಲಿ ಒರೆಸಿಕೊಂಡು, "ನೀರು ಆರಿಹೋಗೈತೆ," ಎಂದಳು. ಆ ಮೇಲೆ ಅವಳು ಆ ಮಾತು ತೆಗೆಯಲಿಲ್ಲ.

ಎರಡನೆಯ ಮಾಲೂ ಹಿಂದಕ್ಕೆ ಬಂತು. ಈ ಸಲ ಗುರುಬಸವರಾಜ್ ಫೋನಿನಲ್ಲಿ ಹೇಳದೆ ಬಂದೇ ಹೇಳಿದ. ಒಂದು ಡಬ್ಬಿ ಬೆಣ್ಣೆ ಬಿಸ್ಕತ್ತು ತಂದಿದ್ದ. ಅಂಜಿನಮ್ಮ ಡಬ್ಬಿ ನೋಡಿದ ಕೂಡಲೇ, "ಕೆಟ್ಟ ಸುದ್ದಿಗೆ ಸಿಹಿ ಯಾಕಪ್ಪ?" ಎಂದಳು.

"ಅವರಿಗೆ ನಿಮ್ಮದೇ ತಗಳಾಕೆ ಮನಸಿತ್ತಮ್ಮ. ಮೊದಲ್ನೇದಕ್ಕೂ ಇದಕ್ಕೂ ಏನೂ ವ್ಯತ್ಯಾಸ ಇಲ್ವಂತೆ. ಇನ್ನೊಂದು ಕಡೆನೂ ನೋಡು ಅಂದಾರೆ. ಒಂದು ವಾರ ಟೈಮ್ ಐತೆ. ಆಗೋದಾದ್ರೆ ಇನ್ನೊಂದು ಸಲ ಕೊಡ್ರಿ."

ಅವನು ಹೋದ ಮೇಲೆ ಯಾರೂ ಬಿಸ್ಕತ್ತು ಮುಟ್ಟಲಿಲ್ಲ, ಪುಟ್ಟಿಯೊಬ್ಬಳನ್ನು ಬಿಟ್ಟು.

ಆ ಮಧ್ಯಾಹ್ನ ಗೋಣೆಪ್ಪ ಬೀಸುವ ಕಲ್ಲನ್ನು ಬಿಚ್ಚಿ ಕೆಳಗಿಳಿಸಿದ್ದ. ಎರಡು ವಾರಕ್ಕೊಮ್ಮೆ ಕಲ್ಲಿಗೆ ಉಳಿ ಹೊಡೆದು ಗೀರುಗಳನ್ನು ಚೂಪು ಮಾಡಬೇಕು, ಇಲ್ಲದಿದ್ದರೆ ಹಿಟ್ಟು ನುಣ್ಣಗಾಗುವುದಿಲ್ಲ. ಓಂಕಾರ ಬಂದು ಎದುರಿಗೆ ಕೂತು ಕಲ್ಲನ್ನು ಅಲುಗದಂತೆ ಹಿಡಿದುಕೊಂಡ.

"ಅಪ್ಪ, ನೀನು ನಲವತ್ತು ವರ್ಷ ಕಾಳು ನೋಡಿದೋನು. ಎಲ್ಲಿ ತಪ್ತಿದೀವಿ ನಾವು?"

"ನಂಗೇನು ಗೊತ್ತು. ಬೀಸೋದು ನನ್ ಕೆಲಸ."

"ಅರುಣಾ ಊಟ ಬಿಟ್ಟಾಳೆ. ಫೋನಲ್ಲಿ ಎಷ್ಟು ವಿಡಿಯೋ ನೋಡಿದ್ಲೋ. ಎಲ್ಲಾ ಮಕ್ಕಳ ಮಾಲ್ಟಿಂದೇ."

ಗೋಣೆಪ್ಪ ಉಳಿ ಹೊಡೆದ. ಕಲ್ಲಿನ ಪುಡಿ ಇಬ್ಬರ ನಡುವೆ ಹಾರಿತು.

"ಇದಾಗ್ಲಿಲ್ಲ ಅಂದ್ರೆ ನಾನು ಲಾರಿಗೆ ಹೋಗ್ಬೇಕು," ಎಂದ ಓಂಕಾರ. "ಆ ಲಾರಿ ಜೀವನ ನಂಗೆ ಗೊತ್ತು. ಹೋಗಾಕೆ ಭಯ ಆಗ್ತೈತೆ ಅಪ್ಪ. ಅರುಣಂಗೆ ಹೇಳಿಲ್ಲ. ನಿಂಗೆ ಹೇಳ್ತಿದೀನಿ."

ಉಳಿ ನಿಂತಿತು. ಮಗನ ಕೈಬೆರಳುಗಳು ಕಲ್ಲಿನ ಅಂಚಿನಲ್ಲಿದ್ದವು. ಬಿಳಿ ಪುಡಿ ಹತ್ತಿ ಮುದುಕನ ಬೆರಳಿನಂತೆ ಕಾಣುತ್ತಿದ್ದವು.

"ದಾವಣಗೆರೆ ಹಂಡೆ ಹತ್ರ ಹೋಗಾಕೆ ಭಯ ಇಲ್ವಾ?" ಎಂದು ಕೇಳಿದ ಗೋಣೆಪ್ಪ.

"ಅಲ್ಲಿ ಅರುಣಾ ಕಳ್ಸಿದ ಚೀಲ ಇರ್ತೈತಲ್ಲ ಕೈಯಲ್ಲಿ." ಓಂಕಾರ ತಲೆ ಎತ್ತಿದ. "ನಿಂಗೆ ನನ್ ಮೇಲೆ ನಂಬಿಕೆ ಐತೋ ಇಲ್ವೋ?"

"ಐತೆ."

"ಹೇಳಪ್ಪ, ನಿಜವಾಗ್ಲೂ."

"ಐತೆ ಅಂದ್ನಲ್ಲ. ಕಲ್ಲು ಗಟ್ಟಿ ಹಿಡಿ, ಅಲುಗ್ತೈತೆ."

ಓಂಕಾರ ಗಟ್ಟಿಯಾಗಿ ಹಿಡಿದ. ಮೂರನೆಯ ಸಲದ ರಾಗಿಯನ್ನು ಅರುಣಾ ಹಿಂದಿನ ಎರಡೂ ಸಲಕ್ಕಿಂತ ಹೆಚ್ಚು ನಿಗಾ ಇಟ್ಟು, ಸಣ್ಣ ಉರಿಯಲ್ಲಿ, ಒಂದೂವರೆ ಪಟ್ಟು ಹೊತ್ತು ಹುರಿದಳು.

ಶಿವರಾತ್ರಿಯ ಹೊತ್ತಿಗೆ ಎಲ್ಲ ಮುಗಿದಿತ್ತು. 'ಸಾರಿ ಅಕ್ಕ' ಎಂದು ಗುರುಬಸವರಾಜನ ಮೆಸೇಜು ಬಂದ ಮೂರನೆಯ ದಿನ ಗಾಡಿ ಮಾರಾಟವಾಯಿತು. ಕೊಂಡವನು ಬಿಳಿಚೋಡಿನವನೇ. ಅವನು ಗಾಡಿ ಓಡಿಸಿಕೊಂಡು ಹೋದಾಗ ಓಂಕಾರ ಹೊರಗೆ ಬರಲಿಲ್ಲ. ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆಯನ್ನು ಮಗಳು ಕಡ್ಡಿಯಿಂದ ಗೀಚುತ್ತ ಕೂತಿದ್ದಳು.

ಲಾರಿಗೆ ಹೊರಟ ದಿನ ಅರುಣಾ ಚೀಲಕ್ಕೆ ಎರಡು ಅಂಗಿ, ಒಂದು ಟವೆಲ್ಲು, ಚಟ್ನಿಪುಡಿ, ಒಣ ರೊಟ್ಟಿ ಇಟ್ಟಳು. ಕೊನೆಗೆ ಒಂದು ಡಬ್ಬಿ ಮಾಲ್ಟ್ ಇಟ್ಟಳು.

"ಸಂಜೆ ಬಿಸಿನೀರಿಗೆ ಹಾಕ್ಕಂಡು ಕುಡೀರಿ. ಎಲ್ಲಾದ್ರೂ ಚಹಾದಂಗಡೀಲಿ ಬಿಸಿನೀರು ಕೇಳಿದ್ರೆ ಕೊಡ್ತಾರೆ."

"ಬೇರೆ ಡ್ರೈವರ್‌ಗಳು ನಗ್ತಾರೆ ಕಣೇ."

"ನಗ್ಲಿ. ಮನೇಲಿ ಮಗು ಐತೆ, ಅದರದೇ ಕುಡೀತೀನಿ ಅನ್ನಿ."

ಅಂಜಿನಮ್ಮ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. "ಫೋನು ಮಾಡ್ತಿರಪ್ಪ," ಎಂದಷ್ಟೇ ಅಂದಳು. ಗೋಣೆಪ್ಪ ಬಸ್‌ಸ್ಟ್ಯಾಂಡಿನವರೆಗೆ ಚೀಲ ಹೊತ್ತುಕೊಂಡು ಹೋದ. ದಾರಿಯುದ್ದಕ್ಕೂ ಇಬ್ಬರೂ ಬಿಸಿಲಿನ ಮಾತು, ಮೆಕ್ಕೆಜೋಳದ ಧಾರಣೆಯ ಮಾತು ಆಡಿದರು.

ಆಮೇಲೆ ಅರುಣಾ ಮಕ್ಕಳ ಮಾಲ್ಟನ್ನೂ ನಿಲ್ಲಿಸಿದಳು. ಅಂಗಡಿಯವರು ಕೇಳಿದರು, ಬಾಣಂತಿಯರ ಮನೆಯವರು ಬಾಗಿಲಿಗೇ ಬಂದು ಕೇಳಿದರು.

"ಯಾಕೇ ನಿಲ್ಸಿದೆ? ಮಕ್ಕಳಿಗೇನು ಆಗೈತೆ ಅದರಿಂದ?" ಎಂದಳು ಅಂಜಿನಮ್ಮ. ಅತ್ತೆ ಸೊಸೆಗೆ ನೇರವಾಗಿ ಮಾತಾಡಿದ್ದು ಅದೇ ಬಹಳ ದಿನದ ಮೇಲೆ.

"ಶಕ್ತಿ ಇಲ್ಲ ಅಂದ್ರಲ್ಲ ಅತ್ತೆ, ಮೂರು ಸಲಾನೂ. ಶಕ್ತಿ ಇಲ್ದಿದ್ದನ್ನ ಕೂಸಿಗೆ ಹೆಂಗೆ ಕೊಡ್ಲಿ? ನಾಲ್ಕು ವರ್ಷ ಏನು ಕೊಟ್ನೋ ಅನ್ಸುತ್ತೆ."

ಅಂಜಿನಮ್ಮ ಗಂಡನನ್ನು ನೋಡಿದಳು. ಗೋಣೆಪ್ಪ ಗಿರಣಿಗೆ ಹೋಗಿ, ಬೀಸಲು ಏನೂ ಇಲ್ಲದಿದ್ದರೂ ಸ್ವಿಚ್ ಹಾಕಿ ಬೆಲ್ಟು ಓಡಿಸಿದ.

ಬೆಳಗಿನ ಜಾವ ಉಚ್ಚಂಗೆಮ್ಮ ಈಗಲೂ ಮಂಚದಿಂದ ಕೈ ಇಳಿಬಿಡುತ್ತಿದ್ದಳು. ಕೈ ನೆಲದ ಮೇಲೆ ಸ್ವಲ್ಪ ಹೊತ್ತು ಆಡಿ, ಸಿಮೆಂಟಿನ ತಂಪು ಹತ್ತಿದ ಮೇಲೆ ಮೇಲಕ್ಕೆ ಹೋಗುತ್ತಿತ್ತು.

ಓಂಕಾರ ಎರಡು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದ. ಮೂರನೆಯ ವಾರ ನಾಲ್ಕು ದಿನ ಮಾಡಲಿಲ್ಲ. ಐದನೆಯ ದಿನ ಅರುಣಾಳೇ ಮಾಡಿದಾಗ ಎತ್ತಿದ. ಮಗಳಿಗೂ ಕೇಳಲೆಂದು ಅವಳು ಸ್ಪೀಕರಿಗೆ ಹಾಕಿದ್ದಳು. ಅವನ ಮಾತು ಎಳೆದೆಳೆದು ಬರುತ್ತಿತ್ತು. ಮಗಳ ಹೆಸರನ್ನು ಎರಡು ಸಲ ಕರೆದ, ಆಮೇಲೆ ಏನು ಹೇಳಬೇಕೆಂದು ಮರೆತವನಂತೆ ನಿಲ್ಲಿಸಿದ.

"ನಿದ್ದೆ ಇಲ್ಲ ಕಣೇ ಎರಡು ದಿನದಿಂದ," ಎಂದ. "ನಿದ್ದೆಗಣ್ಣು, ಅಷ್ಟೇ."

"ಹೂಂ. ಮಲಗಿ ಹಂಗಾದ್ರೆ," ಎಂದಳು ಅರುಣಾ. ಫೋನಿಟ್ಟು ಪಾತ್ರೆ ತೊಳೆಯಲು ಹೋದಳು. ಜಗುಲಿಯಲ್ಲಿದ್ದ ಗೋಣೆಪ್ಪನಿಗೂ ಅಂಜಿನಮ್ಮನಿಗೂ ಎಲ್ಲ ಕೇಳಿತ್ತು. ಪಾತ್ರೆಗಳ ಸದ್ದು ಎಂದಿಗಿಂತ ಹೆಚ್ಚು ಹೊತ್ತು ಬರುತ್ತಿತ್ತು.

ಅದಾಗಿ ಎರಡು ದಿನಕ್ಕೆ ನ್ಯಾಮತಿಯಿಂದ ಅರುಣಾಳ ದೊಡ್ಡಮ್ಮನ ಮಗಳು ಮಮತಾ ಫೋನು ಮಾಡಿದಳು. ಗೋಣೆಪ್ಪ ಮತ್ತೆ ಕಲ್ಲು ಇಳಿಸಿಕೊಂಡು ಒಬ್ಬನೇ ಉಳಿ ಹೊಡೆಯುತ್ತಿದ್ದ. ಹಿಡಿಯುವವರಿಲ್ಲದೆ ಕಲ್ಲಿನ ಎರಡು ಕಡೆ ಗೋಣಿಚೀಲ ಒತ್ತಿಟ್ಟಿದ್ದ. ಒಳಗೆ ಅರುಣಾ ಬಹಳ ಹೊತ್ತು ಬರೀ ಹೂಂ ಹೂಂ ಎನ್ನುತ್ತಿದ್ದಳು. ಆಮೇಲೆ ಬಂದು ಗಿರಣಿಯ ಹೊಸ್ತಿಲಲ್ಲಿ ಕೂತಳು.

"ಮಾವ, ಮಮತಾ ಇರೋ ಮಹಿಳಾ ಸಂಘದವರ ರಾಗಿ ಪಾಸಾಯ್ತಂತೆ."

"ಹೌದಾ?"

"ಗುರುಬಸವರಾಜಣ್ಣ ಆಮೇಲೆ ಅಲ್ಲಿಗೆ ಹೋಗಿದ್ನಂತೆ. ದಾವಣಗೇರಿದು ಇನ್ನೂ ಲೈಸೆನ್ಸ್ ಆಗಿಲ್ಲ, ಆಗ್ತೈತೋ ಇಲ್ವೋ. ಬೆಂಗಳೂರಿಗೇ ಹೋಗ್ತಿದೆಯಂತೆ, ವಾರಕ್ಕೆರಡು ಕ್ವಿಂಟಲ್." ಅವಳು ಹೊಸ್ತಿಲ ಮೇಲಿನ ಹಿಟ್ಟನ್ನು ಬೆರಳಿನಿಂದ ಒಂದು ಕಡೆ ಕೂಡಿಸಿದಳು. "ಕೊಡೋ ದಿನ ಅವರ ಸಿಲಿಂಡರ್ ಖಾಲಿಯಾಗಿತ್ತಂತೆ ಮಾವ. ಹುರಿಯಾಕೆ ಆಗ್ಲಿಲ್ಲ. ನಾಚಿಕೆ ಆಯ್ತು, ಆದ್ರೂ ಹಂಗೇ ಕೊಟ್ವಿ ಅಂದ್ಲು ಮಮತಾ. ಅದೇ ಬೇಕಿತ್ತಂತೆ ಅವರಿಗೆ. ಹುರಿದ್ರೆ ಅದರ ಜೀವ ಹೋಗುತ್ತಂತೆ."

ಗೋಣೆಪ್ಪನ ಕೈಯಲ್ಲಿ ಉಳಿ ಇತ್ತು.

"ನಮ್ ರಾಗೀಲಿ ಏನೂ ತಪ್ಪಿರ್ಲಿಲ್ಲ. ಮೊಳಕೇಲೂ ತಪ್ಪಿರ್ಲಿಲ್ಲ. ಚಳೀನೂ ಅಲ್ಲ." ಅವಳು ಒಳಗಿನ ಮಂಚದ ಕಡೆ ನೋಡಿದಳು. "ಅಜ್ಜಿ ಅವತ್ತು ಅಂದಿತ್ತು ನೋಡ್ರಿ, ಬೆಂಕಿ ಕಂಡ್ರೆ ಏಳಲ್ಲ ಅಂತ. ಬಿತ್ತನೆ ಮಾತಾದ್ರೂ ಅದೇ ಮಾತು. ನಾನು ನಕ್ಕುಬಿಟ್ಟೆ. ಒಂದು ಸಲ ಕೂತು ಕೇಳಿದ್ರೆ ಆಗ್ತಿತ್ತು. ಇವರು ಇಲ್ಲೇ ಇರ್ತಿದ್ರು."

ಒಳಗೆ ಮಂಚ ಕಿರುಗುಟ್ಟಿತು. ಮುದುಕಿ ಮಗ್ಗುಲು ಬದಲಿಸಿ ಗೋಡೆಯ ಕಡೆ ತಿರುಗಿದಳು.

"ನನ್ ಬುದ್ಧಿಗೆ ಹೊಳೀಲಿಲ್ಲ. ಇವರಿಗೂ ಹೊಳೀಲಿಲ್ಲ, ಆ ಏಜೆಂಟಿಗೂ ಗೊತ್ತಿರ್ಲಿಲ್ಲ." ಅರುಣಾ ಕೂಡಿಸಿದ್ದ ಹಿಟ್ಟನ್ನು ಅಂಗೈಗೆ ತೆಗೆದುಕೊಂಡು ಎದ್ದಳು. "ಯಾರಿಗೆ ಗೊತ್ತಿತ್ತು, ಹೇಳ್ರಿ ಮಾವ?"

ಗೋಣೆಪ್ಪ ಬಾಗಿ ಕಲ್ಲಿನ ಗೀರಿನಲ್ಲಿ ನಿಂತ ಪುಡಿಯನ್ನು ಊದಿದ. ಅವಳು ಒಳಗೆ ಹೋದಳು.

ನನಗೆ ಗೊತ್ತಿತ್ತು ಎಂದು ಅವನು ಹೇಳಲಿಲ್ಲ.